ರೆಮಿಡಿಯಲ್ ಕ್ಲಾಸ್ ಮುಗಿದ ಮೇಲೆ ಆ ಮಕ್ಕಳನ್ನು ಇನ್ನೊಮ್ಮೆ ಪರೀಕ್ಷೆ ಮಾಡಿದ್ದೇವಾ?

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಯ ಪದವಿ ಕಾಲೇಜುಗಳ ಪ್ರಾಂಶುಪಾಲರಿಗೆ,

ನಮಸ್ಕಾರ.

ನಾನು ಉಡುಪಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ಅತಿಥಿ ಉಪನ್ಯಾಸಕಿ. ಹದಿಮೂರು ವರ್ಷ ಆಯಿತು. ಈ ವರ್ಷಗಳಲ್ಲಿ ಎಲ್ಲಿ ಕೆಲಸ ಮಾಡಿದರೂ ರೆಮಿಡಿಯಲ್ ಕ್ಲಾಸ್, ಅಂದರೆ ಓದಿನಲ್ಲಿ ಹಿಂದಿರುವ ಮಕ್ಕಳಿಗೆ ಬೇರೆಯಾಗಿ ತೆಗೆದುಕೊಳ್ಳುವ ಕ್ಲಾಸ್, ನನ್ನ ಪಾಲಿಗೆ ಬಂದಿದೆ. ನನ್ನ ಮನೆ ಹತ್ತಿರ, ಸಂಜೆ ಸ್ವಲ್ಪ ತಡವಾದರೂ ನಡೆಯುತ್ತದೆ, ಅದೇ ಕಾರಣ. ಹಾಗಾಗಿ ಈ ಪತ್ರದಲ್ಲಿ ನಾನು ಬೇರೆಯವರ ತಪ್ಪು ಎತ್ತಿ ಆಡುತ್ತಿಲ್ಲ. ನಾನೇ ತೆಗೆದುಕೊಂಡ ಕ್ಲಾಸುಗಳ ಬಗ್ಗೆ, ನಾನೇ ಸಹಿ ಹಾಕಿದ ರಿಜಿಸ್ಟರುಗಳ ಬಗ್ಗೆ ಬರೆಯುತ್ತಿದ್ದೇನೆ.

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬಿಕಾಂ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು. ಅಮ್ಮ ಬೀಡಿ ಕಟ್ಟಿ ಓದಿಸಿದ್ದು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಪ್ರಿಲಿಮ್ಸ್ ಎರಡು ಸಲ ಬರೆದಿದ್ದಳು, ಎರಡೂ ಸಲ ಆಗಿರಲಿಲ್ಲ. "ಮೇಡಂ, ಲೆಕ್ಕದ್ದು 35 ಪ್ರಶ್ನೆ, 20 ನಿಮಿಷ ಮಾತ್ರ. ನಂಗೆ ಟೈಮೇ ಸಾಕಾಗುದಿಲ್ಲ" ಎಂದಳು. ನಾನು ಒಂದು ಕಾಗದ ಕೊಟ್ಟು 640ರ ಶೇಕಡಾ 15 ಎಷ್ಟು ಅಂತ ಕೇಳಿದೆ. ಅವಳ ಕೈ ಮೊದಲು ಮೊಬೈಲ್ ಕಡೆ ಹೋಯಿತು. ಬೇಡ, ಕೈಯಲ್ಲೇ ಮಾಡು ಎಂದೆ. 640 ಗುಣಿಸು 15 ಅಂತ ಬರೆದಳು, ಗುಣಾಕಾರ ಸರಿಯಾಗಿಯೇ ಮಾಡಿದಳು, 9600 ಬಂತು, ಆಮೇಲೆ ಪೆನ್ನು ನಿಂತಿತು. ಆ 9600ನ್ನು ಏನು ಮಾಡಬೇಕು, ಚುಕ್ಕಿ ಎಲ್ಲಿ ಇಡಬೇಕು ಅಂತ ಅವಳಿಗೆ ಗೊತ್ತಾಗಲಿಲ್ಲ. ನನ್ನ ಮುಖ ನೋಡಿದಳು.

ಈ ಹುಡುಗಿ ಎರಡು ವರ್ಷ ನನ್ನ ರೆಮಿಡಿಯಲ್ ಕ್ಲಾಸಿಗೆ ಬಂದವಳು. ಒಂದು ದಿನವೂ ತಪ್ಪಿಸಿದವಳಲ್ಲ. ಅವಳಿಗೆ ನಾನು ಅಲ್ಲಿ ಹೇಳಿಕೊಟ್ಟದ್ದು ಕಾಸ್ಟ್ ಅಕೌಂಟಿಂಗಿನ ಇಂಪಾರ್ಟೆಂಟ್ ಪ್ರಶ್ನೆಗಳು. ಯಾವ ಲೆಕ್ಕ ಬರಬಹುದು, ಫಾರ್ಮ್ಯಾಟ್ ಹೇಗೆ ಹಾಕಬೇಕು, ಉತ್ತರ ತಪ್ಪಾದರೂ ಫಾರ್ಮ್ಯಾಟಿಗೆ ಎಷ್ಟು ಮಾರ್ಕು ಸಿಗುತ್ತದೆ, ಇದೆಲ್ಲ. ಅವಳು ಕಾಸ್ಟ್ ಅಕೌಂಟಿಂಗ್ ಪಾಸಾದಳು. ನಮ್ಮ ಫೈಲಿನಲ್ಲಿ ಅವಳ ಹೆಸರಿನ ಮುಂದೆ 'ಸುಧಾರಣೆ ಕಂಡಿದೆ' ಅಂತ ಇದೆ, ಕೆಳಗೆ ನನ್ನ ಸಹಿ ಇದೆ. ಶೇಕಡಾ ಲೆಕ್ಕ ಅವಳಿಗೆ ಆಗಲೂ ಬರುತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಒಂದೇ ಪ್ರಶ್ನೆ ತಲೆಯಲ್ಲಿದೆ, ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ. ನಮ್ಮ ರೆಮಿಡಿಯಲ್ ಕ್ಲಾಸುಗಳಿಂದ ಮಕ್ಕಳ ಬುನಾದಿ ಗಟ್ಟಿಯಾಗುತ್ತದಾ? ಓದು, ಬರಹ, ಲೆಕ್ಕದ ಒಂದು ಸಾದಾ ಪರೀಕ್ಷೆಯಲ್ಲಿ ಆ ಮಕ್ಕಳು ಮೊದಲಿಗಿಂತ ಚೆನ್ನಾಗಿ ಮಾಡುತ್ತಾರಾ? ನನ್ನ ಅನುಭವದಲ್ಲಿ ಇದನ್ನು ಯಾರೂ ನೋಡಿಲ್ಲ. ಕ್ಲಾಸ್ ಎಷ್ಟು ಗಂಟೆ ಆಯಿತು ಅಂತ ಬರೆದಿಟ್ಟಿದ್ದೇವೆ. ಎಷ್ಟು ಮಕ್ಕಳು ಬಂದರು ಅಂತ ಬರೆದಿಟ್ಟಿದ್ದೇವೆ. ಮಕ್ಕಳಿಗೆ ಏನು ಬಂತು ಅನ್ನುವುದು ಮಾತ್ರ ಎಲ್ಲೂ ಇಲ್ಲ.

ಕ್ಲಾಸ್ ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತಿದೆ, ಆದರೂ ಈ ಪತ್ರ ಓದುವ ಪೋಷಕರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಮೊದಲ ಇಂಟರ್ನಲ್ಸ್, ಅಂದರೆ ಕಾಲೇಜಿನ ಒಳಗಿನ ಪರೀಕ್ಷೆ, ಆಗುತ್ತದೆ. ಕಡಿಮೆ ಮಾರ್ಕು ಬಂದವರ ಪಟ್ಟಿ ತಯಾರಾಗುತ್ತದೆ. ಪಟ್ಟಿಯ ಮೇಲೆ 'ಸ್ಲೋ ಲರ್ನರ್ಸ್' ಅಂತ ಟೈಪ್ ಮಾಡಿ ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಸೆಮಿಸ್ಟರ್ ಪರೀಕ್ಷೆಗೆ ಒಂದು ತಿಂಗಳು ಇರುವಾಗ ಸಂಜೆ 4 ಗಂಟೆಯ ಮೇಲೆ ಕ್ಲಾಸ್ ಶುರು. ಬೆಳಿಗ್ಗೆ ಅರ್ಥವಾಗದೆ ಹೋದ ಪಾಠವನ್ನೇ, ಅದೇ ಇಂಗ್ಲಿಷಿನಲ್ಲಿ, ಅದೇ ಬೋರ್ಡಿನ ಮೇಲೆ, ಸ್ವಲ್ಪ ಬೇಗ ಬೇಗ ಹೇಳುತ್ತೇವೆ. ಫೋಟೋ ತೆಗೆಯುತ್ತೇವೆ. ಅಟೆಂಡೆನ್ಸ್ ಹಾಕುತ್ತೇವೆ. ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ನ್ಯಾಕ್‌ಗೆ ಫೈಲ್ ಬೇಕಲ್ವಾ. ನಿಮ್ಮಲ್ಲಿ ಮಕ್ಕಳ ಕಲಿಕೆಯ ಮಟ್ಟ ಹೇಗೆ ಅಳೆಯುತ್ತೀರಿ, ಹಿಂದುಳಿದವರಿಗೆ ಏನು ಮಾಡಿದ್ದೀರಿ, ಮುಂದಿರುವವರಿಗೆ ಏನು ಮಾಡಿದ್ದೀರಿ ಅಂತ ನ್ಯಾಕ್ ಕೇಳಿಕೊಂಡು ಬಂದಿದೆ. ಪ್ರಶ್ನೆ ಒಳ್ಳೆಯದೇ. ನಾವು ಕೊಟ್ಟ ಉತ್ತರ ಮಾತ್ರ ಕಾಗದದಲ್ಲೇ ನಿಂತಿತು.

ಹನ್ನೊಂದನೇ, ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಮತ್ತು ಅಲ್ಪಸಂಖ್ಯಾತ ಮಕ್ಕಳ ರೆಮಿಡಿಯಲ್ ಕೋಚಿಂಗಿಗೆ ಅಂತಲೇ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಣ ಕೊಡುತ್ತಿತ್ತು. ಕಾಲೇಜಿಗೆ ಬಂದ ಬಡ ಮಗು ಬುನಾದಿ ಇಲ್ಲದೆ ಬಿದ್ದುಹೋಗಬಾರದು ಅನ್ನುವ ಯೋಚನೆ ಅದರ ಹಿಂದೆ ಇತ್ತು. ಆ ಯೋಚನೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ರೆಮಿಡಿಯಲ್ ಕ್ಲಾಸ್ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ, ಇದನ್ನು ದಯವಿಟ್ಟು ಗಮನಿಸಿ.

ಸಂಜೆ 4 ಗಂಟೆಯ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಮಕ್ಕಳು ಹೆಬ್ರಿ ಕಡೆಯಿಂದ, ಬೈಂದೂರು ಕಡೆಯಿಂದ, ಒಳಗಿನ ಊರುಗಳಿಂದ ಬಸ್ಸಿನಲ್ಲಿ ಬರುವವರು. ಒಂದು ಸರ್ವಿಸ್ ಬಸ್ಸು ತಪ್ಪಿದರೆ ಮನೆ ಮುಟ್ಟುವಾಗ ಕತ್ತಲೆ. ಹುಡುಗಿಯರ ಮನೆಯಲ್ಲಿ ಒಪ್ಪುವುದಿಲ್ಲ, ಅದರಲ್ಲೂ ಮಳೆಗಾಲದಲ್ಲಿ. ಹುಡುಗರಲ್ಲಿ ಎಷ್ಟೋ ಜನ ಸಂಜೆ ಮತ್ತು ರಾತ್ರಿ ಕ್ಯಾಟರಿಂಗ್ ಕೆಲಸಕ್ಕೆ ಹೋಗುತ್ತಾರೆ. ಮದುವೆ ಸೀಸನ್ನಿನಲ್ಲಿ ಬಡಿಸಿ, ಪಾತ್ರೆ ತುಂಬಿ, ಮನೆಗೆ ಬಂದು ಮಲಗುವಾಗ ರಾತ್ರಿ ಒಂದು ಗಂಟೆ. ಮಲ್ಪೆ ಬಂದರಿಗೆ ಬೆಳಗಿನ ಜಾವ ಹೋಗಿ, ಮೀನಿನ ಕೆಲಸ ಮುಗಿಸಿ ಕ್ಲಾಸಿಗೆ ಬರುತ್ತಿದ್ದ ಒಬ್ಬ ಹುಡುಗ ನನ್ನ ಕ್ಲಾಸಿನಲ್ಲಿ ಇದ್ದ. "ಎಂತ ಮಾಡುದು ಮೇಡಂ, ಫೀಸ್ ಕಟ್ಟಬೇಕಲ್ಲ" ಅನ್ನುತ್ತಿದ್ದ. ಇವರಿಗೆ 4 ಗಂಟೆಯ ಮೇಲೆ ಕ್ಲಾಸ್ ಇಟ್ಟರೆ ಯಾರಿಗೆ ಜಾಸ್ತಿ ಬೇಕೋ ಅವರೇ ಬರುವುದಿಲ್ಲ. ಬಂದವರೂ ಗಡಿಯಾರ ನೋಡುತ್ತಾ ಕೂರುತ್ತಾರೆ.

ನಮ್ಮ ಜಿಲ್ಲೆಗಳ ಫಲಿತಾಂಶ ಇಷ್ಟು ಚೆನ್ನಾಗಿರುವಾಗ ಬುನಾದಿಯ ಮಾತು ಯಾಕೆ ಅಂತ ನೀವು ಕೇಳಬಹುದು. 2024ರಲ್ಲಿ ದ್ವಿತೀಯ ಪಿಯುಸಿಯಲ್ಲಿ ದಕ್ಷಿಣ ಕನ್ನಡ 97.37 ಶೇಕಡಾ, ಉಡುಪಿ 96.80. ರಾಜ್ಯಕ್ಕೆ ಮೊದಲು ಮತ್ತು ಎರಡನೆಯದು. 2025ರಲ್ಲಿ ಉಡುಪಿ 93.90 ಬಂದು ಮೊದಲಾಯಿತು, ದಕ್ಷಿಣ ಕನ್ನಡ 93.57 ಬಂದು ಎರಡನೆಯದು. ಈ ಸುದ್ದಿ ಬಂದ ದಿನ ನನಗೂ ಖುಷಿಯಾಗುತ್ತದೆ, ಇಲ್ಲಿನ ಮೇಷ್ಟ್ರುಗಳು ಎಷ್ಟು ಕಷ್ಟಪಡುತ್ತಾರೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಆದರೆ ಪರೀಕ್ಷೆ ಪಾಸಾಗುವುದು ಒಂದು, ಬುನಾದಿ ಇರುವುದು ಇನ್ನೊಂದು. ಎರಡರ ನಡುವೆ ದೊಡ್ಡ ಅಂತರ ಇರುವ ಮಕ್ಕಳು ಪ್ರತಿ ಜೂನ್, ಜುಲೈಯಲ್ಲಿ ನಮ್ಮ ಪ್ರಥಮ ಬಿಕಾಂ, ಪ್ರಥಮ ಬಿಎ ಕ್ಲಾಸಿಗೆ ಬಂದು ಕೂರುತ್ತಾರೆ. ಪಿಯುಸಿಯಲ್ಲಿ 70 ಪರ್ಸೆಂಟ್ ತೆಗೆದ ಮಗುವಿಗೆ ಭಿನ್ನರಾಶಿ ಕೂಡಿಸಲು ಬರುವುದಿಲ್ಲ. ಇಂಗ್ಲಿಷ್ ಪಠ್ಯದ ಒಂದು ಪ್ಯಾರಾ ಗಟ್ಟಿಯಾಗಿ ಓದುತ್ತದೆ, ಅದರಲ್ಲಿ ಏನು ಹೇಳಿದೆ ಅಂತ ಕೇಳಿದರೆ ಸುಮ್ಮನಾಗುತ್ತದೆ.

ಇದು ನಮ್ಮ ಊರಿನ ಕತೆ ಮಾತ್ರ ಅಲ್ಲ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆ 2023ರಲ್ಲಿ ದೇಶದ 28 ಜಿಲ್ಲೆಗಳ ಹಳ್ಳಿಗಳಲ್ಲಿ 14ರಿಂದ 18 ವರ್ಷದ ಮಕ್ಕಳನ್ನು ನೋಡಿತು. ಸುಮಾರು ಕಾಲು ಭಾಗ ಮಕ್ಕಳಿಗೆ ತಮ್ಮ ರಾಜ್ಯದ ಭಾಷೆಯಲ್ಲೇ ಎರಡನೇ ಕ್ಲಾಸಿನ ಪಾಠ ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಸರಿ ಮಾಡಿದವರು 43.3 ಶೇಕಡಾ ಮಾತ್ರ. ಈ ವಯಸ್ಸಿನವರೇ ಅಲ್ವಾ ನಮ್ಮ ಕಾಲೇಜಿಗೆ ಬರುವುದು? ಶಾಲೆಯವರನ್ನು ಬೈದು ಪ್ರಯೋಜನ ಇಲ್ಲ. ಮಗು ನಮ್ಮ ಬಾಗಿಲಿಗೆ ಬಂದಾಗಿದೆ.

ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರ ಕನ್ನಡ. ಹತ್ತನೇ ಕ್ಲಾಸಿನವರೆಗೆ ಪುಸ್ತಕದ ಕನ್ನಡ. ಆಮೇಲೆ ಒಮ್ಮೆಗೇ ಇಂಗ್ಲಿಷ್. ಲೆಕ್ಕ ಬರುವುದಿಲ್ಲ ಅಂತ ನಾವು ಪಟ್ಟಿಗೆ ಹಾಕಿದ ಎಷ್ಟೋ ಮಕ್ಕಳಿಗೆ ಲೆಕ್ಕದ ಪ್ರಶ್ನೆಯಲ್ಲಿದ್ದ ಇಂಗ್ಲಿಷ್ ಅರ್ಥವಾಗಿರಲಿಲ್ಲ ಅಂತ ನನಗೆ ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ಆ ಹತ್ತು ವರ್ಷದ ಮಕ್ಕಳ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ಅಮೆರಿಕದಲ್ಲಿ ಇದರ ಮೇಲೆ ತುಂಬಾ ಕೆಲಸ ಆಗಿದೆ, ಆದ್ದರಿಂದ ಅದನ್ನು ಸ್ವಲ್ಪ ಓದಿಕೊಂಡೆ. ಅಲ್ಲಿನ ಎಷ್ಟೋ ಸರ್ಕಾರಿ ಕಾಲೇಜುಗಳಲ್ಲಿ ಸೇರುವಾಗಲೇ ಓದು, ಬರಹ, ಗಣಿತದ ಪರೀಕ್ಷೆ ಇರುತ್ತಿತ್ತು. ಟೆಕ್ಸಸ್ ರಾಜ್ಯದಲ್ಲಿ 1989ರಿಂದ ಇದನ್ನು ಕಡ್ಡಾಯ ಮಾಡಿದರು. ಗೆರೆಗಿಂತ ಕೆಳಗೆ ಬಂದವರು ಮೊದಲು ರೆಮಿಡಿಯಲ್ ಕೋರ್ಸ್ ಮಾಡಬೇಕು. ಫೀಸು ಕಟ್ಟಬೇಕು, ಆದರೆ ಡಿಗ್ರಿಗೆ ಅದರ ಕ್ರೆಡಿಟ್ ಸಿಗುವುದಿಲ್ಲ.

ಇದರಿಂದ ಲಾಭ ಆಯಿತಾ ಅಂತ ಸಂಶೋಧಕರು ಹೇಗೆ ನೋಡಿದರು ಅನ್ನುವುದು ನನಗೆ ತುಂಬಾ ಇಷ್ಟವಾಯಿತು. ನಮ್ಮ ಲೆಕ್ಕದಲ್ಲೇ ಹೇಳುವುದಾದರೆ, ಒಬ್ಬನಿಗೆ 34 ಮಾರ್ಕು, ಇನ್ನೊಬ್ಬನಿಗೆ 35. ಇಬ್ಬರ ತಿಳುವಳಿಕೆಯಲ್ಲಿ ನಿಜವಾಗಿ ಏನೂ ವ್ಯತ್ಯಾಸ ಇಲ್ಲ, ಆ ದಿನ ಒಂದು ಪ್ರಶ್ನೆ ಹೆಚ್ಚು ಕಡಿಮೆ ಆಯಿತು ಅಷ್ಟೆ. ಆದರೆ 34ರವನು ರೆಮಿಡಿಯಲ್‌ಗೆ ಹೋಗುತ್ತಾನೆ, 35ರವನು ನೇರವಾಗಿ ಡಿಗ್ರಿ ಕ್ಲಾಸಿಗೆ ಹೋಗುತ್ತಾನೆ. ಇಂಥ ಸಾವಿರಾರು ಜನರನ್ನು ಎರಡು ಗುಂಪಾಗಿ ಇಟ್ಟು, ಕೆಲವು ವರ್ಷ ಬಿಟ್ಟು ನೋಡಿದರೆ ರೆಮಿಡಿಯಲ್ ಏನು ಮಾಡಿತು ಅಂತ ಗೊತ್ತಾಗುತ್ತದೆ. ಪಾಸಾದವರನ್ನೂ ಫೇಲಾದವರನ್ನೂ ಸುಮ್ನೆ ಹೋಲಿಸಿದರೆ ಗೊತ್ತಾಗುವುದಿಲ್ಲ, ಯಾಕೆಂದರೆ ರೆಮಿಡಿಯಲ್‌ಗೆ ಹೋದವರು ಮೊದಲೇ ಹಿಂದಿದ್ದವರು. ಹೀಗೆ ನೋಡಿದಾಗ ಟೆಕ್ಸಸ್‌ನಲ್ಲಿ ಡಿಗ್ರಿ ಮುಗಿಸುವುದರಲ್ಲಾಗಲಿ, ಮುಂದೆ ಸಂಪಾದನೆಯಲ್ಲಾಗಲಿ ರೆಮಿಡಿಯಲ್ ಮಾಡಿದವರಿಗೆ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಫ್ಲೋರಿಡಾದಲ್ಲಿ ಆ ಮಕ್ಕಳು ಎರಡನೇ ವರ್ಷದವರೆಗೆ ಕಾಲೇಜಿನಲ್ಲಿ ಉಳಿಯುವುದು ಸ್ವಲ್ಪ ಹೆಚ್ಚಾಯಿತು, ಡಿಗ್ರಿಗೆ ಬೇಕಾದ ಕ್ರೆಡಿಟ್ ಹೆಚ್ಚಲಿಲ್ಲ. ಓಹಾಯೋ ರಾಜ್ಯದ ಅಧ್ಯಯನದಲ್ಲಿ ಲಾಭ ಕಂಡದ್ದೂ ಇದೆ. ಅಂದರೆ ಎಲ್ಲ ಕಡೆ ಒಂದೇ ಉತ್ತರ ಬಂದಿಲ್ಲ, ಇದನ್ನು ಮುಚ್ಚಿಡಬಾರದು.

ನನ್ನ ಮನಸ್ಸು ತಿರುಗಿಸಿದ್ದು ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದವರು 2013ರಲ್ಲಿ ಮಾಡಿದ ಪ್ರಯೋಗ. ಗಣಿತದಲ್ಲಿ ಹಿಂದಿದ್ದಾರೆ ಅಂತ ಗುರುತಿಸಿದ ಸುಮಾರು 900 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ ಮಾಮೂಲಿ ರೆಮಿಡಿಯಲ್ ಬೀಜಗಣಿತ. ಎರಡನೆಯದಕ್ಕೆ ಅದೇ ಬೀಜಗಣಿತ, ಜೊತೆಗೆ ವಾರಕ್ಕೊಂದು ಅಭ್ಯಾಸದ ಕ್ಲಾಸ್. ಮೂರನೆಯ ಗುಂಪನ್ನು ರೆಮಿಡಿಯಲ್‌ಗೆ ಕಳಿಸಲೇ ಇಲ್ಲ. ನೇರವಾಗಿ ಡಿಗ್ರಿ ಮಟ್ಟದ ಸ್ಟಾಟಿಸ್ಟಿಕ್ಸ್ ಕ್ಲಾಸಿಗೆ ಕೂರಿಸಿ, ವಾರಕ್ಕೊಂದು ಅಭ್ಯಾಸದ ಕ್ಲಾಸ್ ಕೊಟ್ಟರು. ಮೊದಲ ಗುಂಪಿನಲ್ಲಿ ಪಾಸಾದವರು 39 ಶೇಕಡಾ, ಎರಡನೆಯದರಲ್ಲಿ 45, ಮೂರನೆಯದರಲ್ಲಿ 56. ಕೆಳಗಿನ ಮೆಟ್ಟಿಲಲ್ಲೇ ನಿಲ್ಲಿಸಿದವರಿಗಿಂತ, ಮೇಲೆ ಹತ್ತಿಸಿ ಕೈ ಹಿಡಿದವರು ಚೆನ್ನಾಗಿ ಮಾಡಿದರು. ಆಗಲೂ ನೂರರಲ್ಲಿ 44 ಮಕ್ಕಳು ಪಾಸಾಗಲಿಲ್ಲ, ನಿಜ. ಆದರೆ ದಾರಿ ಯಾವ ಕಡೆ ಅಂತ ಕಾಣುತ್ತದಲ್ವಾ? ಅದೇ 2013ರಲ್ಲಿ ಫ್ಲೋರಿಡಾದವರು ಹೆಚ್ಚಿನ ಮಕ್ಕಳಿಗೆ ರೆಮಿಡಿಯಲ್ ಕಡ್ಡಾಯ ಅಲ್ಲ ಅಂತ ಕಾನೂನು ಮಾಡಿದರು. 2017ರಲ್ಲಿ ಕ್ಯಾಲಿಫೋರ್ನಿಯಾದವರು, ಹೈಸ್ಕೂಲಿನ ಸಾಧನೆ ನೋಡಿ ಆದಷ್ಟು ಮಕ್ಕಳನ್ನು ನೇರವಾಗಿ ಡಿಗ್ರಿ ಮಟ್ಟದ ಇಂಗ್ಲಿಷ್, ಗಣಿತಕ್ಕೆ ಕೂರಿಸುವ ಕಡೆಗೆ ಕಾನೂನು ತಂದರು.

ಅವರ ವ್ಯವಸ್ಥೆ ಬೇರೆ, ನಮ್ಮದು ಬೇರೆ. ನಮ್ಮಲ್ಲಿ ಮಕ್ಕಳು ಹೇಗೂ ಡಿಗ್ರಿ ಕ್ಲಾಸಿನಲ್ಲೇ ಇದ್ದಾರೆ, ಯಾರೂ ಅವರನ್ನು ಬಾಗಿಲಲ್ಲಿ ತಡೆಯುವುದಿಲ್ಲ. ನಮ್ಮ ತೊಂದರೆ ಅದರ ಉಲ್ಟಾ. ಮೇಲೆ ಹತ್ತಿಸಿದ್ದೇವೆ, ಕೈ ಹಿಡಿದಿಲ್ಲ.

ಕೈ ಹಿಡಿಯುವುದು ಹೇಗೆ ಅನ್ನುವುದಕ್ಕೆ ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. 2001ರಿಂದ 2003ರ ಹೊತ್ತಿಗೆ ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ಪ್ರಥಮ್‌ನವರು 'ಬಾಲಸಖಿ' ಅನ್ನುವ ಕಾರ್ಯಕ್ರಮ ನಡೆಸಿದರು. ಅದೇ ಊರಿನ, ಹೈಸ್ಕೂಲು ಓದಿದ ಹುಡುಗಿಯರು ಮೂರನೇ, ನಾಲ್ಕನೇ ಕ್ಲಾಸಿನ ಹಿಂದುಳಿದ 15–20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿಕೊಂಡು, ಆ ಮಕ್ಕಳು ಎಲ್ಲಿದ್ದಾರೋ ಅಲ್ಲಿಂದ ಓದು ಮತ್ತು ಲೆಕ್ಕ ಹೇಳಿಕೊಟ್ಟರು. ಶಾಲೆ ಬಿಟ್ಟ ಮೇಲೆ ಅಲ್ಲ, ಶಾಲೆಯ ಸಮಯದಲ್ಲೇ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಯವರು ಇದನ್ನು ಅಳೆದು ನೋಡಿದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. ಮಕ್ಕಳ ಅಂಕ ಸ್ಪಷ್ಟವಾಗಿ ಏರಿತ್ತು, ಅತಿ ಹಿಂದಿದ್ದ ಮಕ್ಕಳಿಗೆ ಹೆಚ್ಚು ಲಾಭ ಆಗಿತ್ತು. ಕಾರ್ಯಕ್ರಮ ನಿಂತ ಒಂದು ವರ್ಷದ ಮೇಲೆ ಆ ಲಾಭದಲ್ಲಿ ದೊಡ್ಡ ಭಾಗ ಕರಗಿಹೋಗಿತ್ತು ಅನ್ನುವುದನ್ನೂ ಅವರೇ ಬರೆದಿದ್ದಾರೆ. ಮಧ್ಯದಲ್ಲಿ ಬಿಟ್ಟರೆ ಉಳಿಯುವುದಿಲ್ಲ ಅಂತ ನಾನು ಅದರಿಂದ ಅರ್ಥ ಮಾಡಿಕೊಂಡೆ.

ಇದನ್ನು ಓದಿದ ಮೇಲೆ ನಾನು ನನ್ನ ಒಂದು ಕ್ಲಾಸಿನಲ್ಲಿ ಚಿಕ್ಕದಾಗಿ ಮಾಡಿ ನೋಡಿದೆ. ಸೆಮಿಸ್ಟರ್ ಶುರುವಾದ ಮೊದಲ ವಾರ ಇಡೀ ಪ್ರಥಮ ಬಿಕಾಂ ಕ್ಲಾಸಿಗೆ 20 ಪ್ರಶ್ನೆಯ ಒಂದು ಕಾಗದ ಕೊಟ್ಟೆ. ಹೆಸರು ಬರೆಯಿರಿ, ಮಾರ್ಕು ಯಾರಿಗೂ ತೋರಿಸುವುದಿಲ್ಲ ಎಂದೆ. ಭಾಗಾಕಾರ, ಭಿನ್ನರಾಶಿ, ಶೇಕಡಾ, ಅನುಪಾತ. ಕನ್ನಡದ ಒಂದು ಪ್ಯಾರಾ ಓದಿ ಮೂರು ಉತ್ತರ, ಇಂಗ್ಲಿಷಿನ ಒಂದು ಪ್ಯಾರಾ ಓದಿ ಮೂರು ಉತ್ತರ. ಅಷ್ಟೇ. ಯಾರಿಗೆ ಏನು ಬರುವುದಿಲ್ಲ ಅಂತ ಒಂದೇ ಸಂಜೆಯಲ್ಲಿ ನನಗೆ ಗೊತ್ತಾಯಿತು. ಇಂಟರ್ನಲ್ಸ್ ಪಟ್ಟಿಗೂ ಈ ಪಟ್ಟಿಗೂ ತುಂಬಾ ವ್ಯತ್ಯಾಸ ಇತ್ತು. ಬಾಯಿಪಾಠ ಮಾಡಿ ಇಂಟರ್ನಲ್ಸಿನಲ್ಲಿ ಚೆನ್ನಾಗಿ ತೆಗೆದಿದ್ದ ಕೆಲವರು ಇದರಲ್ಲಿ ಕೆಳಗಿದ್ದರು. ಇಂಟರ್ನಲ್ಸಿನಲ್ಲಿ ಬಿದ್ದ, ಕ್ಯಾಟರಿಂಗಿಗೆ ಹೋಗುವ ಒಬ್ಬ ಹುಡುಗನ ಲೆಕ್ಕ ಚೆನ್ನಾಗಿತ್ತು, ಅವನಿಗೆ ಇಂಗ್ಲಿಷ್ ಓದು ಮಾತ್ರ ಬರುತ್ತಿರಲಿಲ್ಲ. ಇಬ್ಬರನ್ನೂ ಒಂದೇ ಕ್ಲಾಸಿನಲ್ಲಿ ಕೂರಿಸಿ ಅದೇ ಪಾಠ ಎರಡನೇ ಸಲ ಹೇಳಿದರೆ ಏನು ಆಗಬೇಕು ಹೇಳಿ?

ಆಮೇಲೆ ಸಂಜೆ ಕ್ಲಾಸ್ ಬಿಟ್ಟೆ. ನನ್ನದೇ ಪೀರಿಯಡ್ಡಿನ ಮೊದಲ 15 ನಿಮಿಷ ಅದಕ್ಕೆ ಇಟ್ಟೆ. ದಿನಕ್ಕೆ ಐದು ಲೆಕ್ಕ, ಮೊಬೈಲ್ ಇಲ್ಲದೆ. ಎಲ್ಲರೂ ಮಾಡಬೇಕು, ಬರುವವರೂ, ಬಾರದವರೂ. ಬಂದವರು ಪಕ್ಕದವರಿಗೆ ಹೇಳಿಕೊಡಬೇಕು, ತುಳುವಿನಲ್ಲಾದರೂ ಆಗಬಹುದು. ಶೇಕಡಾ ಮತ್ತು ಅನುಪಾತಕ್ಕೆ ನಾನು ಹಿಡಿದದ್ದು ಬೀಡಿ. ಸಾವಿರ ಬೀಡಿಗೆ 300 ರೂಪಾಯಿ ಮಜೂರಿ ಅಂತ ಇಟ್ಟುಕೊಳ್ಳಿ, ನಿನ್ನ ಅಮ್ಮ ಇವತ್ತು 650 ಕಟ್ಟಿದರೆ ಎಷ್ಟು ಬರಬೇಕು ಅಂತ ಕೇಳಿದರೆ ಹಿಂದಿನ ಬೆಂಚಿನಿಂದ ತಟ್ಟನೆ "195 ಮೇಡಂ" ಅಂತ ಬರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಅನುಪಾತದ ಲೆಕ್ಕ ಅಂತ ಬೋರ್ಡಿನಲ್ಲಿ ಬರೆದರೆ ಅದೇ ಬೆಂಚು ಸುಮ್ಮನಿರುತ್ತಿತ್ತು. ಇದು ಅದೇ ಲೆಕ್ಕ ಅಂತ ತೋರಿಸಿದ ದಿನ ಒಬ್ಬಳ ಮುಖದಲ್ಲಿ ಕಂಡ ಬೆಳಕು ನನಗೆ ಇನ್ನೂ ಕಣ್ಣ ಮುಂದಿದೆ. ಬರುವುದನ್ನೇ ಬರುವುದಿಲ್ಲ ಅಂದುಕೊಂಡು ಅವಳು ಪಿಯುಸಿ ದಾಟಿದ್ದಳು.

ಸೆಮಿಸ್ಟರಿನ ಕೊನೆಯಲ್ಲಿ ಅದೇ ಮಟ್ಟದ ಇನ್ನೊಂದು 20 ಪ್ರಶ್ನೆಯ ಕಾಗದ ಕೊಟ್ಟೆ. ಲೆಕ್ಕದಲ್ಲಿ ಹೆಚ್ಚಿನ ಮಕ್ಕಳು ಮೇಲೆ ಬಂದಿದ್ದರು. ಕನ್ನಡ ಓದಿ ಅರ್ಥ ಮಾಡಿಕೊಳ್ಳುವುದರಲ್ಲೂ ಸ್ವಲ್ಪ ಚೇತರಿಕೆ ಇತ್ತು. ಇಂಗ್ಲಿಷ್ ಮಾತ್ರ ಹೆಚ್ಚು ಕಡಿಮೆ ಇದ್ದಲ್ಲೇ ಇತ್ತು. ಅದಕ್ಕೆ 15 ನಿಮಿಷ ಸಾಕಾಗುವುದಿಲ್ಲ, ನಾನು ಇಂಗ್ಲಿಷ್ ಟೀಚರೂ ಅಲ್ಲ. ಒಂದು ಕ್ಲಾಸಿನಲ್ಲಿ ಒಬ್ಬಳು ಮಾಡಿದ್ದರಿಂದ ದೊಡ್ಡ ತೀರ್ಮಾನ ಮಾಡಬಾರದು ಅಂತ ನನಗೂ ಗೊತ್ತು. ಆದರೆ ಏನು ಏರಿತು, ಏನು ಏರಲಿಲ್ಲ ಅಂತ ಹದಿಮೂರು ವರ್ಷದಲ್ಲಿ ಮೊದಲ ಸಲ ನನಗೆ ಗೊತ್ತಾಯಿತು. ಎರಡು ಸಲ ಕಾಗದ ಕೊಟ್ಟದ್ದರಿಂದ ಗೊತ್ತಾಯಿತು.

ದಿನಕ್ಕೆ ಸ್ವಲ್ಪ ಸ್ವಲ್ಪ ಮಾಡಿ ಕೂಡಿಸುವುದು ನಮ್ಮ ಊರಿನವರಿಗೆ ಹೊಸ ವಿಷಯವೂ ಅಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್‌ನವರು ಪಿಗ್ಮಿ ಶುರು ಮಾಡಿದಾಗ ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಂಡು ಹೋಗುತ್ತಿದ್ದರು. ಕೂಲಿ ಮಾಡುವವರಿಗೆ ತಿಂಗಳ ಕೊನೆಗೆ ಒಟ್ಟಿಗೆ ದುಡ್ಡು ಕಟ್ಟಲು ಆಗುವುದಿಲ್ಲ, ದಿನಕ್ಕೆ ಎರಡಾಣೆ ಆಗುತ್ತದೆ. ನನ್ನ ಅಜ್ಜಿ ಪಿಗ್ಮಿ ಕಟ್ಟಿಯೇ ಮನೆಗೆ ಹಂಚು ಹೊದೆಸಿದ್ದು. ಬುನಾದಿ ಕಳೆದುಕೊಂಡ ಮಗುವಿಗೂ ಹಾಗೆಯೇ. ಪರೀಕ್ಷೆಗೆ ಮುಂಚೆ 30 ಗಂಟೆ ಒಟ್ಟಿಗೆ ಕೊಟ್ಟರೆ ಅದಕ್ಕೆ ಹಿಡಿದಿಡಲು ಆಗುವುದಿಲ್ಲ.

ಇನ್ನು ನಿಮ್ಮಲ್ಲಿ ನನ್ನ ಕೋರಿಕೆ. ಈ ವರ್ಷ ಪ್ರಥಮ ವರ್ಷದ ಮಕ್ಕಳು ಬಂದ ಮೊದಲ ವಾರದಲ್ಲೇ ಬುನಾದಿಯ ಒಂದು ಚಿಕ್ಕ ಪರೀಕ್ಷೆ ಮಾಡಿ, ಎಲ್ಲರಿಗೂ ಮಾಡಿ, ಕನ್ನಡದಲ್ಲೂ ಪ್ರಶ್ನೆ ಇರಲಿ. ರೆಮಿಡಿಯಲ್ ಪಟ್ಟಿಯನ್ನು ಅದರಿಂದ ಮಾಡಿ, ಇಂಟರ್ನಲ್ಸಿನಿಂದ ಬೇಡ. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಬೇಡಿ. 'ಸ್ಲೋ ಲರ್ನರ್' ಅನ್ನುವ ಪದವನ್ನು ಫೈಲಿನಲ್ಲಿ ಬರೆಯಲೇಬೇಕಾದರೆ ಅಲ್ಲೇ ಇರಲಿ, ಮಗುವಿನ ಕಣ್ಣಿಗೆ ಬೀಳುವುದು ಬೇಡ. ತನ್ನ ಹೆಸರು ಆ ಪಟ್ಟಿಯಲ್ಲಿ ನೋಡಿ ಕಾಲೇಜು ಬಿಟ್ಟು ಮಂಗಳೂರಿನ ಬಟ್ಟೆ ಅಂಗಡಿಗೆ ಸೇರಿದ ಹುಡುಗಿಯ ಅಪ್ಪನ ಹತ್ತಿರ ನಾನು ಮಾತಾಡಿದ್ದೇನೆ. "ಅವಳಿಗೆ ನಾಚಿಕೆ ಆಯ್ತಂತೆ ಮೇಡಂ, ಇನ್ನು ಹೋಗುದಿಲ್ಲ ಅಂತಾಳೆ" ಅಂದರು. ನಾನು ಏನು ಹೇಳಲಿ ಅವರಿಗೆ? ಆ ಪಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು.

ಕ್ಲಾಸನ್ನು ಟೈಮ್ ಟೇಬಲ್ಲಿನ ಒಳಗೆ ತನ್ನಿ. ಬಸ್ಸಿನ ಸಮಯ ನೀವು ಬದಲಾಯಿಸಲು ಆಗುವುದಿಲ್ಲ, ಪೀರಿಯಡ್ ಬದಲಾಯಿಸಬಹುದು. ವಾರಕ್ಕೆ ಎರಡು ಪೀರಿಯಡ್ ಆದರೂ ಸರಿ, ದಿನಕ್ಕೆ 15 ನಿಮಿಷ ಆದರೂ ಸರಿ. ಹೇಳಿಕೊಡುವವರಿಗೆ, ಅದರಲ್ಲೂ ಅತಿಥಿ ಉಪನ್ಯಾಸಕರಿಗೆ, ಆ ಗಂಟೆಯನ್ನು ಅವರ ಕೆಲಸದ ಲೆಕ್ಕಕ್ಕೆ ಸೇರಿಸಿ. ಪುಕ್ಕಟೆ ಕೆಲಸವನ್ನು ಎಷ್ಟು ದಿನ ಮನಸ್ಸಿಟ್ಟು ಮಾಡಲು ಆಗುತ್ತದೆ? ಮೂರನೇ ವರ್ಷದ ಮಕ್ಕಳನ್ನು ಬಾಲಸಖಿಯರ ಹಾಗೆ ಜೊತೆಗೆ ಸೇರಿಸಿಕೊಳ್ಳಿ, ಅಕ್ಕ ಅಣ್ಣ ಹೇಳಿಕೊಟ್ಟರೆ ಚಿಕ್ಕವರಿಗೆ ಕೇಳಲು ಹೆದರಿಕೆ ಇರುವುದಿಲ್ಲ.

ಇದೆಲ್ಲಕ್ಕಿಂತ ಮುಖ್ಯ, ಸೆಮಿಸ್ಟರ್ ಮುಗಿಯುವಾಗ ಅದೇ ಮಕ್ಕಳಿಗೆ ಅದೇ ಮಟ್ಟದ ಪರೀಕ್ಷೆ ಇನ್ನೊಮ್ಮೆ ಮಾಡಿ. ಜೂನ್‌ನಲ್ಲಿ ಎಷ್ಟು ಜನಕ್ಕೆ ಶೇಕಡಾ ಬರುತ್ತಿರಲಿಲ್ಲ, ನವೆಂಬರಿನಲ್ಲಿ ಎಷ್ಟು ಜನಕ್ಕೆ ಬಂತು. ಆ ಎರಡು ಸಂಖ್ಯೆಯನ್ನು ಫೈಲಿನ ಮೊದಲ ಪುಟದಲ್ಲಿ ಬರೆಯಿರಿ. ಸಂಖ್ಯೆ ಏರದೆ ಇದ್ದರೂ ಬರೆಯಿರಿ. ಏರಲಿಲ್ಲ ಅಂತ ಗೊತ್ತಾದರೆ ಮುಂದಿನ ವರ್ಷ ಬೇರೆ ರೀತಿ ಮಾಡಬಹುದು. ನಾನು ಇಂಗ್ಲಿಷಿನಲ್ಲಿ ಸೋತೆ ಅಂತ ಗೊತ್ತಾದ ಮೇಲೆಯೇ ಇಂಗ್ಲಿಷ್ ವಿಭಾಗದವರ ಹತ್ತಿರ ಹೋಗಿ ಸಹಾಯ ಕೇಳಿದ್ದು.

ಡಿಗ್ರಿ ಕಾಲೇಜಿನಲ್ಲಿ ಭಾಗಾಕಾರ ಹೇಳಿಕೊಡುವುದಾ, ಸಿಲೆಬಸ್ ಮುಗಿಸುವುದು ಯಾವಾಗ ಅಂತ ಕೇಳುವ ಸಹೋದ್ಯೋಗಿಗಳು ಇದ್ದಾರೆ. ಅವರ ಕಷ್ಟ ನನಗೆ ಅರ್ಥವಾಗುತ್ತದೆ, ನನಗೂ ಸಿಲೆಬಸ್ ಇದೆ. ನನ್ನ ಅನುಭವದಲ್ಲಿ 15 ನಿಮಿಷ ಕೊಟ್ಟದ್ದು ಎರಡು ತಿಂಗಳಲ್ಲಿ ವಾಪಸ್ ಬಂತು. ಶೇಕಡಾ ಗೊತ್ತಿರುವ ಕ್ಲಾಸಿಗೆ ಸವಕಳಿ ಲೆಕ್ಕ ಹೇಳಲು ಅರ್ಧ ಸಮಯ ಸಾಕು. ಮತ್ತೆ, ನಾವು ಹೇಳಿಕೊಡದಿದ್ದರೆ ಇನ್ನು ಯಾರು? ನಮ್ಮ ಕಾಲೇಜು ದಾಟಿದ ಮೇಲೆ ಆ ಮಗುವಿಗೆ ಇನ್ನೊಂದು ತರಗತಿ ಇಲ್ಲ. ಕೋಚಿಂಗ್ ಸೆಂಟರಿಗೆ ದುಡ್ಡು ಇದ್ದವರು ಹೋಗುತ್ತಾರೆ.

1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಐದು ಬ್ಯಾಂಕು ಹುಟ್ಟಿದ ನೆಲ ಇದು. ಮೂರು ಬ್ಯಾಂಕುಗಳ ಹೆಸರು ವಿಲೀನದಲ್ಲಿ ಹೋಯಿತು ಅಂತ ನಾವೆಲ್ಲ ಎಷ್ಟು ನೊಂದುಕೊಂಡೆವು. ಇಲ್ಲಿನ ಬೀಡಿ ಕಟ್ಟುವ ತಾಯಿಯ ಮಗಳು, ಬಿಕಾಂ ಫಸ್ಟ್ ಕ್ಲಾಸ್ ಮುಗಿಸಿಯೂ, ಬ್ಯಾಂಕ್ ಪರೀಕ್ಷೆಯ ಮೊದಲ ಮೆಟ್ಟಿಲಲ್ಲಿ ಚುಕ್ಕಿ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ನಿಲ್ಲುವುದು ನನಗೆ ಅದಕ್ಕಿಂತ ಜಾಸ್ತಿ ನೋವು ಕೊಡುತ್ತದೆ.

ಆ ಹುಡುಗಿ ಈಗ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಾಳೆ, ಜೊತೆಗೆ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾಳೆ. 20 ನಿಮಿಷಕ್ಕೆ ಗಡಿಯಾರ ಇಟ್ಟು 35 ಲೆಕ್ಕ ಮಾಡುತ್ತಾರೆ. ಹೋದ ವಾರ ಅವಳು 22ರವರೆಗೆ ಬಂದಳು. ಮುಂದಿನ ಪ್ರಿಲಿಮ್ಸ್ ಬರೆಯಲಿದ್ದಾಳೆ.

ನನ್ನ ಹತ್ತಿರ ಎರಡು ಸೆಟ್ ಪ್ರಶ್ನೆ ಕಾಗದ ಇದೆ, ದಿನಕ್ಕೆ ಐದರಂತೆ ಒಂದು ಸೆಮಿಸ್ಟರಿಗೆ ಆಗುವಷ್ಟು ಲೆಕ್ಕದ ಚೀಟಿಗಳಿವೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಬೇಕಾದ ಕಾಲೇಜಿಗೆ ಕೊಡುತ್ತೇನೆ, ಜೆರಾಕ್ಸ್ ಮಾಡಿಕೊಳ್ಳಿ, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ. ಭಾನುವಾರ ಅಥವಾ ರಜೆಯ ದಿನ ಕರೆದರೆ ಬಂದು ಹೇಗೆ ಮಾಡಿದೆ ಅಂತ ತೋರಿಸುತ್ತೇನೆ. ಅಡ್ಮಿಷನ್ ಮುಗಿಯುವ ಮೊದಲು ಒಂದು ತೀರ್ಮಾನ ಮಾಡಿದರೆ ಮೊದಲ ವಾರದ ಪರೀಕ್ಷೆಗೆ ಸಮಯ ಸಿಗುತ್ತದೆ.

ಇಂತಿ,
ನಿಮ್ಮ ಜಿಲ್ಲೆಯ ಒಬ್ಬ ಅತಿಥಿ ಉಪನ್ಯಾಸಕಿ